ವೀಸಾ ಇಲ್ಲದೆ ನಮ್ಮೂರಿಗೆ ಹೋದ ಹುಳು

ನಮ್ಮ ಪತ್ರಿಕೆಯ ಸಂಪಾದಕರು ಮೂರು ತಿಂಗಳಿಂದ ಬೆನ್ನು ಹತ್ತಿದ್ದಾರೆ, "ಏನಾದರೂ ಬರೆದುಕೊಡಿ ಮೇಡಂ, ನಿಮ್ಮ ಹುಳುಗಳ ಬಗ್ಗೆಯೇ ಆಗಲಿ" ಎಂದು. ಇಲ್ಲಿ ಪ್ರವಾಸ ಕಥನ, ಅಡುಗೆ, ನಗೆಹನಿ, ಮಕ್ಕಳು ಬರೆದ ಗಣಪತಿ ಎಲ್ಲಾ ಬಂದಾಗಿದೆ. ಹುಳು ಒಂದು ಬಂದಿಲ್ಲ. ಬರೆಯುತ್ತೇನೆ, ಆದರೆ ದಯವಿಟ್ಟು ಬಿಸಿಬೇಳೆಭಾತಿನ ವಿಧಾನದ ಎದುರು ಪುಟದಲ್ಲಿ ಹಾಕಬೇಡಿ ಎಂದು ಕೇಳಿಕೊಂಡು ಶುರು ಮಾಡುತ್ತಿದ್ದೇನೆ.

ನನ್ನ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಓಹಾಯೊದಲ್ಲಿ ಇಪ್ಪತ್ತು ವರ್ಷ ದಾಟಿತು, ಬೇಸಿಗೆ ಬಂತೆಂದರೆ ಜೋಳದ ಹೊಲಗಳ ಅಂಚಿನಲ್ಲಿ ಬಲೆ ಕಟ್ಟಿ, ಅದರಲ್ಲಿ ಬಿದ್ದ ಪತಂಗಗಳನ್ನು ವಾರವಾರವೂ ಎಣಿಸಿ ಬರೆದಿಡುವುದು ನನ್ನ ಪಾಲಿನ ಕೆಲಸ. ಬಲೆಯೊಳಗೆ ಹೆಣ್ಣು ಪತಂಗದ ವಾಸನೆಯನ್ನು ಹೋಲುವ ಒಂದು ಚಿಕ್ಕ ರಬ್ಬರ್ ತುಂಡು ಇರುತ್ತದೆ. ಗಂಡುಗಳು ವಧು ಸಿಕ್ಕಿದಳೆಂದು ಹಾರಿ ಬಂದು ಸಿಕ್ಕಿಬೀಳುತ್ತವೆ. (ಇದನ್ನು ಒಮ್ಮೆ ಪಾಟ್‌ಲಕ್ಕಿನಲ್ಲಿ ವಿವರಿಸಿದಾಗ ನಮ್ಮ ಮನೆಯವರು "ನನಗೂ ಹಾಗೇ ಆಯಿತು" ಎಂದು ಎಲ್ಲರೆದುರು ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ಅವರಿಗೆ ಆ ರಾತ್ರಿ ಬರೀ ಮೊಸರನ್ನ.)

2018ರ ಜುಲೈ ತಿಂಗಳ ಒಂದು ಭಾನುವಾರ ಅಣ್ಣನ ಫೋನು ಬಂತು. ನಮ್ಮದು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ಅಲ್ಲಿ ರಾಗಿ, ಬಿಳಿಜೋಳ, ಒಂದಿಷ್ಟು ಹತ್ತಿ ಇತ್ತು. ಆಮೇಲೆ ನೋಡನೋಡುತ್ತಾ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳವಾಯಿತು. ಕೋಳಿ ಆಹಾರದ ಕಾರ್ಖಾನೆಗಳಿಗೆ ಬೇಕು, ಕಟಾವಾದ ಕೂಡಲೇ ದುಡ್ಡು ಕೈಗೆ ಬರುತ್ತದೆ, ನೀರಾವರಿ ಬೇಕಿಲ್ಲ. ಅಣ್ಣ ಫೋನು ತೆಗೆದವನೇ ಕ್ಷೇಮಸಮಾಚಾರ ಬಿಟ್ಟು ನೇರವಾಗಿ ವಿಷಯಕ್ಕೆ ಬಂದ.

"ಏನೇ ಪುಟ್ಟಿ, ನಿಮ್ಮ ದೇಶದ ಹುಳ ನಮ್ಮ ಹೊಲಕ್ಕೆ ಬಂದೈತಂತಲ್ಲೇ! ಶಿವಮೊಗ್ಗದ ಕಾಲೇಜಿನೋರು ಅದು ಅಮೆರಿಕದ್ದು ಅಂತಾರೆ. ನೀನು ಅಲ್ಲೇ ಇದೀಯ, ಅದರ ಔಷಧಿ ನಿಂಗೆ ಗೊತ್ತಿರಬೇಕಲ್ಲ?"

ಫೋಟೋ ಕಳಿಸಿದ. ನೋಡಿದೆ. ಹುಳುವಿನ ತಲೆಯ ಮೇಲೆ ಇಂಗ್ಲಿಷಿನ 'ವೈ' ಅಕ್ಷರವನ್ನು ತಲೆಕೆಳಗು ಮಾಡಿ ಬರೆದ ಹಾಗೆ ಬಿಳಿ ಗೆರೆ. ಬಾಲದ ಹತ್ತಿರ ರಂಗೋಲಿಗೆ ಇಟ್ಟ ಚುಕ್ಕಿಗಳ ಹಾಗೆ ಚೌಕವಾಗಿ ನಾಲ್ಕು ಕಪ್ಪು ಚುಕ್ಕಿ. ಸಂಶಯವೇ ಇರಲಿಲ್ಲ. ನಾನು ವರ್ಷವರ್ಷವೂ ಎಣಿಸುವ ಅದೇ ಪತಂಗದ ಮರಿ, ಎಂಟು ಸಾವಿರ ಮೈಲಿಗೂ ಆಚೆ, ನಮ್ಮಪ್ಪ ಉತ್ತ ಹೊಲದಲ್ಲಿ ಕೂತಿತ್ತು.

ಇಲ್ಲಿ ಇದಕ್ಕೆ ಫಾಲ್ ಆರ್ಮಿವರ್ಮ್ ಎನ್ನುತ್ತಾರೆ. ಶರತ್ಕಾಲದ ಹೊತ್ತಿಗೆ ಸೈನ್ಯದ ಹಾಗೆ ಬರುತ್ತದೆಂದು ಆ ಹೆಸರು. ನಮ್ಮ ಕೃಷಿ ಇಲಾಖೆಯ ಕರಪತ್ರಗಳಲ್ಲಿ "ಫಾಲ್ ಸೈನಿಕ ಹುಳು" ಎಂದು ಅಚ್ಚಾಯಿತು. ಅತ್ತಿಗೆ ಅದನ್ನು ಓದಿ "ಇದೇನಿದು, ಸೀರೆ ಫಾಲಾ?" ಎಂದು ಕೇಳಿದಳಂತೆ. ಊರಿನವರು ಕರಪತ್ರದ ದಾರಿ ಕಾಯಲಿಲ್ಲ, ತಾವೇ "ಲದ್ದಿ ಹುಳು" ಎಂದು ಕರೆದರು. ಗಿಡದ ಸುಳಿಯೊಳಗೆ ಕೂತು ತಿಂದು ಅಲ್ಲೇ ಮರದ ಪುಡಿಯಂಥ ಲದ್ದಿ ತುಂಬುತ್ತದೆ, ಅದಕ್ಕೆ. ನನ್ನ ಕೇಳಿದರೆ ಈ ಹೆಸರೇ ಹೆಚ್ಚು ಶಾಸ್ತ್ರೀಯ. ಹುಳುವನ್ನು ಯಾವುದರಿಂದ ಗುರುತಿಸಬೇಕೋ ಅದೇ ಹೆಸರಿನಲ್ಲಿದೆ.

ಅಮೆರಿಕದಲ್ಲಿ ಇದು ಹಳೆಯ ಹುಳು. 1797ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬುವರು ಜಾರ್ಜಿಯಾ ರಾಜ್ಯದ ಚಿಟ್ಟೆ ಪತಂಗಗಳ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಬಿತ್ತು. ಚಿತ್ರಗಳನ್ನು ಬರೆದವರು ಅಲ್ಲೇ ನೆಲೆಸಿದ್ದ ಜಾನ್ ಆಬಟ್. ಹೆಸರಿನ ಕೊನೆಯ ಭಾಗ 'ಫ್ರೂಗಿಪರ್ಡಾ', ಎಂದರೆ ಫಸಲು ಹಾಳುಮಾಡುವುದು. 1912ರಲ್ಲಿ ಒಮ್ಮೆ, 1977ರಲ್ಲಿ ಒಮ್ಮೆ ಈ ದೇಶದಲ್ಲೂ ದೊಡ್ಡ ಹಾವಳಿ ಮಾಡಿದೆ. ಆದರೆ ಇದರಲ್ಲೊಂದು ವಿಶೇಷವಿದೆ. ಅನೇಕ ಹುಳುಗಳು ಚಳಿಗಾಲವನ್ನು ಮಣ್ಣಿನೊಳಗೆ ನಿದ್ದೆ ಮಾಡಿ ಕಳೆಯುತ್ತವೆ. ಇದಕ್ಕೆ ಆ ವಿದ್ಯೆ ಬರುವುದಿಲ್ಲ. ನೆಲ ಹೆಪ್ಪುಗಟ್ಟಿದರೆ ಸತ್ತಿತು. ಆದ್ದರಿಂದ ಫ್ಲಾರಿಡಾದ ದಕ್ಷಿಣ ತುದಿ ಮತ್ತು ಟೆಕ್ಸಾಸಿನ ದಕ್ಷಿಣ ತುದಿಯಲ್ಲಿ ಮಾತ್ರ ಚಳಿಗಾಲ ಕಳೆದು, ವಸಂತ ಬಂದ ಮೇಲೆ ತಲೆಮಾರಿನಿಂದ ತಲೆಮಾರಿಗೆ ಉತ್ತರಕ್ಕೆ ಹಾರುತ್ತಾ ಬೇಸಿಗೆಯ ಕೊನೆಗೆ ಓಹಾಯೊ, ಅಲ್ಲಿಂದ ಮುಂದೆ ಕೆನಡಾ ಮುಟ್ಟುತ್ತದೆ. ಗಾಳಿ ಅನುಕೂಲವಾಗಿದ್ದರೆ ಮಿಸಿಸಿಪ್ಪಿಯಿಂದ ಕೆನಡಾದ ದಕ್ಷಿಣದವರೆಗೆ, ಅಂದರೆ 1,600 ಕಿಲೋಮೀಟರು, 30 ಗಂಟೆಗಳಲ್ಲಿ ಹಾರಿದ ದಾಖಲೆ ಇದೆ. ಚಳಿ ಶುರುವಾದೊಡನೆ ಬಂದದ್ದೆಲ್ಲ ಸಾಯುತ್ತದೆ. ಮುಂದಿನ ವರ್ಷ ಮತ್ತೆ ಮೊದಲಿನಿಂದ.

ಈಗ ಅಣ್ಣನ ಪ್ರಶ್ನೆಗೆ ಬನ್ನಿ. ನಿಮ್ಮ ದೇಶದ ಹುಳು, ನಿಮಗೆ ಔಷಧಿ ಗೊತ್ತಿರಬೇಕು. ನ್ಯಾಯವಾದ ಪ್ರಶ್ನೆಯೇ. ನಾನು ಅವನಿಗೆ ಏನು ಹೇಳಲಿ? ಓಹಾಯೊದ ರೈತರನ್ನು ಈ ಹುಳುವಿನಿಂದ ಕಾಪಾಡುವ ದೊಡ್ಡ ಔಷಧಿ ಚಳಿ. ಜೋಳವನ್ನು ಬೇಗ ಬಿತ್ತಿದರೆ ಪತಂಗ ದಕ್ಷಿಣದಿಂದ ಬರುವಷ್ಟರಲ್ಲಿ ಪೈರು ಬಲಿತಿರುತ್ತದೆ. ಶಿಕಾರಿಪುರದಲ್ಲಿ ಹೆಪ್ಪುಗಟ್ಟುವ ಚಳಿಯನ್ನು ಎಲ್ಲಿಂದ ತರೋಣ? ಅಲ್ಲಿ ಮಳೆಗಾಲದ ಮೆಕ್ಕೆಜೋಳ ಮುಗಿಯುವ ಹೊತ್ತಿಗೆ ಕಾಲುವೆ ಕೆಳಗೆ ಇನ್ನೊಂದು ಬೆಳೆ ಎದ್ದಿರುತ್ತದೆ, ಅದು ಮುಗಿಯುವಾಗ ಬೇಸಿಗೆಯಲ್ಲಿ ದನಕ್ಕೆ ಹಾಕುವ ಹಸಿರು ಮೇವು. ಹುಳುವಿಗೆ ವರ್ಷವಿಡೀ ಊಟ, ವಸತಿ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಪತಂಗದವರೆಗೆ ಸುಮಾರು ಒಂದು ತಿಂಗಳು ಸಾಕು. ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ ಸಾವಿರ, ಸಾವಿರದೈನೂರು ಮೊಟ್ಟೆ ಇಡಬಲ್ಲದು. ಲೆಕ್ಕ ನೀವೇ ಹಾಕಿಕೊಳ್ಳಿ.

ಇಲ್ಲಿನ ಎರಡನೆಯ ಉಪಾಯ ಬಿಟಿ ಜೋಳ. ಒಂದು ಮಣ್ಣಿನ ಬ್ಯಾಕ್ಟೀರಿಯಾದ ವಿಷಗುಣವನ್ನು ಗಿಡದೊಳಗೇ ಸೇರಿಸಿದ ತಳಿ. ಈ ದೇಶದಲ್ಲಿ 1996ರಿಂದ ಬೆಳೆಯುತ್ತಿದ್ದಾರೆ. ಭಾರತದಲ್ಲಿ 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತೇ ಹೊರತು ಮೆಕ್ಕೆಜೋಳಕ್ಕೆ ಸಿಕ್ಕಿಲ್ಲ. ಸಿಕ್ಕಿದ್ದರೆ ಎಲ್ಲ ಸರಿಹೋಗುತ್ತಿತ್ತೆಂದು ನಮ್ಮಲ್ಲಿ ಕೆಲವರು ವಾದಿಸುತ್ತಾರೆ. ಅವರಿಗೆ ನಾನು ಪೋರ್ಟೊರಿಕೊ ದ್ವೀಪದ ಕಥೆ ಹೇಳುತ್ತೇನೆ. ಅಲ್ಲಿಯೂ ಚಳಿಗಾಲವಿಲ್ಲ, ಬೀಜಕ್ಕಾಗಿ ವರ್ಷವಿಡೀ ಜೋಳ ಬೆಳೆಯುತ್ತಾರೆ. ಒಂದು ಬಗೆಯ ಬಿಟಿ ಜೋಳ ಅಲ್ಲಿಗೆ ಬಂದ ಕೆಲವೇ ವರ್ಷಗಳಲ್ಲಿ, 2006ರಲ್ಲಿ, ಇದೇ ಹುಳು ಅದನ್ನು ಅರಗಿಸಿಕೊಂಡು ಕೂತಿತು. ಆ ಬೀಜವನ್ನು ಅಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ನಮ್ಮ ಕಡೆಯ ಹವೆ ಓಹಾಯೊಗಿಂತ ಪೋರ್ಟೊರಿಕೊಗೆ ಹತ್ತಿರ. ಬಿಟಿ ಬೇಡವೇ ಬೇಡ ಎನ್ನುವವಳಲ್ಲ ನಾನು. ಅದೊಂದನ್ನೇ ನಂಬಿ ಕೂತರೆ ಎಷ್ಟು ದಿನ ಎಂಬುದು ನನ್ನ ಪ್ರಶ್ನೆ.

ಹುಳು ಹೋದ ದಾರಿಯನ್ನೂ ಹೇಳಿಬಿಡುತ್ತೇನೆ. 2016ರ ಜನವರಿಯಲ್ಲಿ ಆಫ್ರಿಕದ ಪಶ್ಚಿಮ ಭಾಗದಲ್ಲಿ, ನೈಜೀರಿಯಾ ಮತ್ತು ಅಕ್ಕಪಕ್ಕದ ದೇಶಗಳಲ್ಲಿ ಮೊದಲು ಕಾಣಿಸಿಕೊಂಡಿತು. ಹೇಗೆ ಸಾಗರ ದಾಟಿತೋ, ಹಡಗಿನಲ್ಲೋ ವಿಮಾನದಲ್ಲೋ ಸರಕಿನ ನಡುವೆ ಕೂತು ಹೋಗಿರಬೇಕು. ಎರಡೇ ವರ್ಷಗಳಲ್ಲಿ ಸಹಾರಾ ಮರುಭೂಮಿಯ ಕೆಳಗಿನ ಬಹುತೇಕ ಎಲ್ಲ ದೇಶಗಳನ್ನು ಆವರಿಸಿತು. 2018ರ ಮೇ ತಿಂಗಳಿನಲ್ಲಿ ಶಿವಮೊಗ್ಗ! ಭಾರತದಲ್ಲಿ ಇದನ್ನು ಮೊದಲು ಗುರುತಿಸಿದವರು ಶಿವಮೊಗ್ಗದ ಕೃಷಿ ಮಹಾವಿದ್ಯಾಲಯದ ವಿಜ್ಞಾನಿಗಳು. ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರು ಅದೇ ವರ್ಷ ಅದನ್ನು ವರದಿ ಮಾಡಿದರು. ಆ ವರದಿ ಓದಿದಾಗ ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ಮುಂದಿನ ಕೆಲವು ತಿಂಗಳಲ್ಲಿ ದಕ್ಷಿಣದ ರಾಜ್ಯಗಳಿಗೆಲ್ಲ ಹರಡಿ, 2019ರ ಹೊತ್ತಿಗೆ ಚೀನಾ, 2020ರಲ್ಲಿ ಆಸ್ಟ್ರೇಲಿಯಾ. ನಾವು ಒಂದು ವೀಸಾಕ್ಕಾಗಿ ಎಷ್ಟು ಸಾಲಿನಲ್ಲಿ ನಿಂತಿದ್ದೇವೆ, ನೆನಪು ಮಾಡಿಕೊಳ್ಳಿ. ಇದಕ್ಕೆ ಸಂದರ್ಶನವೂ ಇಲ್ಲ, ಸ್ಟಾಂಪಿಂಗೂ ಇಲ್ಲ. ಆಫ್ರಿಕ ಮತ್ತು ಭಾರತದ ಹುಳುಗಳ ವಂಶವಾಹಿಗಳನ್ನು ಹೋಲಿಸಿ ನೋಡಿದವರು ಅವು ಫ್ಲಾರಿಡಾ ಮತ್ತು ಕೆರಿಬಿಯನ್ ದ್ವೀಪಗಳ ಕಡೆಯ ಸಂತತಿಗೆ ಹೋಲುತ್ತವೆ ಎಂದಿದ್ದಾರೆ. ಈಚಿನ ಅಧ್ಯಯನಗಳು, ಒಂದೇ ಸಲ ಬಂದದ್ದಲ್ಲ, ಹಲವು ಸಲ ಹಲವು ದಾರಿಯಲ್ಲಿ ಬಂದಿರಬೇಕು ಎನ್ನುತ್ತವೆ.

ಅಂದಹಾಗೆ ಈ ವ್ಯಾಪಾರ ಒಂದೇ ದಿಕ್ಕಿನದಲ್ಲ. ನಮ್ಮ ಸಂಘದಲ್ಲಿ ಕರಿಬೇವಿನ ಗಿಡ ಹಂಚಿಕೊಳ್ಳದ ಮನೆ ಇದೆಯೇ? ಫ್ಲಾರಿಡಾದಿಂದಲೋ ಕ್ಯಾಲಿಫೋರ್ನಿಯಾದಿಂದಲೋ ಕರಿಬೇವು ತರಬಾರದು, ಅಂಚೆಯಲ್ಲಿ ಕಳಿಸಬಾರದು ಎಂದು ನಾನು ಹೇಳಿದರೆ "ನಿಮ್ಮದೊಂದು ಅತಿ" ಎನ್ನುತ್ತಾರೆ. ಏಷ್ಯಾದ ಒಂದು ಚಿಕ್ಕ ರಸ ಹೀರುವ ಕೀಟಕ್ಕೆ ಕಿತ್ತಲೆ, ನಿಂಬೆಯಷ್ಟೇ ನಮ್ಮ ಕರಿಬೇವೂ ಪ್ರಿಯ. ಅದು 1998ರಲ್ಲಿ ಫ್ಲಾರಿಡಾದಲ್ಲಿ ಕಂಡಿತು. ಅದು ಹರಡುವ ಹಸಿರು ರೋಗ 2005ರಲ್ಲಿ ಕಂಡಿತು. 2003-04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಲೆ ಬೆಳೆದ ಆ ರಾಜ್ಯದಲ್ಲಿ 2022-23ರಿಂದೀಚೆಗೆ ವರ್ಷಕ್ಕೆ 2 ಕೋಟಿ ಪೆಟ್ಟಿಗೆಯೂ ಆಗುತ್ತಿಲ್ಲ. ತಲೆಮಾರುಗಳಿಂದ ತೋಟ ಮಾಡಿಕೊಂಡವರು ಮರ ಕಿತ್ತು ಜಮೀನು ಮಾರಿ ಹೋದರು. ಒಗ್ಗರಣೆಗೆ ಒಂದೆಸಳು ಬೇಕೆಂಬ ಆಸೆ ನನಗೂ ಇದೆ. ಆದರೆ ಗಿಡ ಬೇಕಾದರೆ ನಮ್ಮ ರಾಜ್ಯದಲ್ಲೇ ಬೀಜದಿಂದ ಎಬ್ಬಿಸಿದ್ದನ್ನು ಕೇಳಿ, ನನ್ನ ಹತ್ತಿರ ನಾಲ್ಕು ಕುಂಡ ಇವೆ.

ಮತ್ತೆ ಊರಿಗೆ. ಆ ಮಳೆಗಾಲದಲ್ಲಿ ಅಣ್ಣನಿಗೆ ಮೂರು ಎಕರೆ ಮೆಕ್ಕೆಜೋಳ, ಸೊಸೈಟಿಯ ಬೆಳೆಸಾಲ, ಮಗಳ ಹಾಸ್ಟೆಲ್ ಫೀಸು. ಬೆಳಗ್ಗೆ ಎದ್ದು ಹೊಲಕ್ಕೆ ಹೋದರೆ ಎಲೆಗಳೆಲ್ಲ ಗುಂಡು ಹೊಡೆದ ಹಾಗೆ ಸಾಲುಸಾಲು ತೂತು. ಯಾರಿಗಾದರೂ ಕೈಕಾಲು ತಣ್ಣಗಾಗುತ್ತದೆ. ಪೇಟೆಯ ಒಂದು ಗೊಬ್ಬರದಂಗಡಿಯಲ್ಲಿ ಮೂರು ಬಾಟಲಿ ಕೊಟ್ಟು, ಮೂರನ್ನೂ ಸೇರಿಸಿ ಹೊಡೆಯಿರಿ ಎಂದರಂತೆ. ನಮ್ಮ ಕಡೆ ಇದಕ್ಕೆ "ಎಣ್ಣೆ ಹೊಡೆಯುವುದು" ಎನ್ನುತ್ತಾರೆ, ತಲೆಗೆ ಹಚ್ಚುವ ಎಣ್ಣೆಯಷ್ಟೇ ಸಲೀಸಾಗಿ. ಐದು ದಿನ ಬಿಟ್ಟು ಮತ್ತೆ ಹೊಡೆದ. ಮೂರನೆಯ ಸಲ, ನಡು ಮಧ್ಯಾಹ್ನ, ಬೆನ್ನಿಗೆ ಪಂಪು, ಮುಖಕ್ಕೊಂದು ಟವೆಲು. ಗಿಡ ಆಗಲೇ ಎದೆಮಟ್ಟ ಬಂದಿದೆ, ಗಾಳಿ ಎದುರಿಗೆ. ಬದುವಿನ ಮೇಲೆ ಕೂತು ವಾಂತಿ ಮಾಡಿಕೊಂಡವನನ್ನು ಪಕ್ಕದ ಹೊಲದವರು ಬೈಕಿನ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದರು. ಎರಡು ದಿನ ಗ್ಲೂಕೋಸ್ ಏರಿಸಿದರು. ನನಗೆ ಗೊತ್ತಾದದ್ದು ನಾಲ್ಕನೆಯ ದಿನ, ಅದೂ ಅತ್ತಿಗೆ ಬಚ್ಚಲಮನೆಗೆ ಹೋಗಿ ಪಿಸುಮಾತಿನಲ್ಲಿ ಫೋನು ಮಾಡಿದಾಗ. "ನೀನಾದ್ರೂ ಹೇಳೇ. ಇವ್ರು ನಾಳೆ ಮತ್ತೆ ಹೊಡೀತೀನಿ ಅಂತಾರೆ. ನಿನ್ ಮಾತು ಕೇಳ್ತಾರೆ."

ಎಂಟು ಸಾವಿರ ಮೈಲಿ ದೂರದಲ್ಲಿ ಕೂತು ಏನು ಹೇಳುವುದು? ಹೊಡೆಯಬೇಡ ಎಂದು ಹೇಳುವುದು ಸುಲಭ. ಬೆಳೆ ಹೋದರೆ ಸಾಲ ಕಟ್ಟುವವಳು ನಾನೇ? ಕಟ್ಟುತ್ತೇನೆ ಎಂದರೆ ಅವನು ತೆಗೆದುಕೊಳ್ಳುವವನೂ ಅಲ್ಲ. ಕೊನೆಗೆ ಹುಳುವಿನ ಬಗ್ಗೆಯೇ ಮಾತಾಡಿದೆ. ಒಂದು ಗಂಟೆ ಫೋನಿನಲ್ಲಿ ಅಣ್ಣನಿಗೆ ಪಾಠ. "ಅಣ್ಣಾ, ಈ ಹುಳ ಚಿಕ್ಕದಿದ್ದಾಗ ಎಲೆಯ ಮೇಲೆ ಕೆರೀತದೆ, ಬೆಳ್ಳಗೆ ಕಾಗದದ ಹಾಗೆ ಕಾಣುತ್ತೆ. ಆಗ ಸಾಯೋದು ಸುಲಭ. ದೊಡ್ಡದಾದ ಮೇಲೆ ಸುಳಿಯೊಳಗೆ ಇಳಿದು ತನ್ನ ಲದ್ದಿಯಿಂದಲೇ ಬಾಗಿಲು ಹಾಕ್ಕೊಳ್ಳುತ್ತೆ. ನೀನು ಮೇಲಿಂದ ಎಷ್ಟು ಸುರಿದರೂ ಅದರ ಮೈಗೆ ತಾಗಲ್ಲ. ತಾಗೋದು ನಿನ್ನ ಮೈಗೆ." ಈ ಕೊನೆಯ ಮಾತಿಗೆ ಅವನು ಸ್ವಲ್ಪ ಹೊತ್ತು ಸುಮ್ಮನಾದ.

ಹುಳು ತನ್ನ ಜೀವಮಾನದಲ್ಲಿ ತಿನ್ನುವುದರ ಸುಮಾರು ಮುಕ್ಕಾಲು ಪಾಲನ್ನು ಕೊನೆಯ ಕೆಲವೇ ದಿನಗಳಲ್ಲಿ ತಿನ್ನುತ್ತದೆ. ಆದ್ದರಿಂದ ಎಲೆ ಪೂರ್ತಿ ಹರಿದು ನಮಗೆ ಗಾಬರಿಯಾಗುವ ಹೊತ್ತಿಗೆ ಅದು ತಿಂದು ಮುಗಿಸಿ ಮಣ್ಣಿಗಿಳಿದು ಕೋಶವಾಗುವ ತಯಾರಿಯಲ್ಲಿರುತ್ತದೆ. ನಮ್ಮ ಜನ ಎಣ್ಣೆ ಹೊಡೆಯುವುದು ಆಗಲೇ. ಎರಡು ದಿನದಲ್ಲಿ ಹುಳು ಕಾಣುವುದಿಲ್ಲ, ಬಾಟಲಿಗೆ ಒಳ್ಳೆಯ ಹೆಸರು ಬರುತ್ತದೆ! ಇನ್ನೊಂದು ವಿಚಿತ್ರ, ಇವು ಒಂದನ್ನೊಂದು ತಿನ್ನುತ್ತವೆ. ಒಂದು ಸುಳಿಗೆ ಹತ್ತು ಮರಿ ಇಳಿದರೂ ಕೊನೆಗೆ ಉಳಿಯುವುದು ಸಾಮಾನ್ಯವಾಗಿ ಒಂದೋ ಎರಡೋ. ದಾಯಾದಿ ಮತ್ಸರ ಎಲ್ಲಿಲ್ಲ ಹೇಳಿ!

ಹಾಗಾದರೆ ಮಾಡುವುದೇನು? ನಮ್ಮ ವಿಶ್ವವಿದ್ಯಾಲಯಗಳೂ ಕೃಷಿ ಸಂಶೋಧನಾ ಪರಿಷತ್ತೂ ಆ ಒಂದೆರಡು ವರ್ಷಗಳಲ್ಲಿ ಬೇಗಬೇಗ ಕೆಲಸ ಮಾಡಿ ಹೇಳಿದ್ದು ಇಷ್ಟು. ಹೊಲದಲ್ಲಿ ವಾರಕ್ಕೆರಡು ಸಲ ಓಡಾಡಿ ಗಿಡ ಎಣಿಸಿ. ಎಳೆಯ ಪೈರಿನಲ್ಲಿ ನೂರಕ್ಕೆ ಐದು, ಸ್ವಲ್ಪ ಬೆಳೆದ ಮೇಲೆ ನೂರಕ್ಕೆ ಹತ್ತು ಗಿಡ ಹಾಳಾಗಿದ್ದರೆ ಮಾತ್ರ ಮುಂದಿನ ಮಾತು. ಮೊಟ್ಟೆಯ ಗುಂಪು ಕಂಡರೆ ಕೈಯಲ್ಲೇ ಹಿಸುಕಿ. ಸುಳಿಗೆ ಒಂಬತ್ತು ಪಾಲು ಮರಳು, ಒಂದು ಪಾಲು ಸುಣ್ಣ ಬೆರೆಸಿ ಒಂದೊಂದು ಚಿಟಿಕೆ ಹಾಕಿ. ಔಷಧಿ ಹೊಡೆಯಲೇಬೇಕಾದರೆ ಒಂದೇ ಔಷಧಿ, ಹೇಳಿದ ಅಳತೆ, ಸಂಜೆಯ ಹೊತ್ತು, ನೇರ ಸುಳಿಗೆ. ಸಂಜೆ ಯಾಕೆಂದರೆ ಹುಳು ಮೇಯಲು ಹೊರಗೆ ಬರುವುದು ಆಗಲೇ. ದೊಡ್ಡ ಹುಳುವಿಗೆ ವಿಷದ ತಿಂಡಿ: ಹತ್ತು ಕಿಲೋ ಅಕ್ಕಿ ತೌಡು, ಎರಡು ಕಿಲೋ ಬೆಲ್ಲ, ಎರಡು ಮೂರು ಲೀಟರು ನೀರು ಸೇರಿಸಿ ಒಂದು ದಿನ ಹುಳಿ ಬರಿಸಿ, ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಸುಳಿಗೆ ಉದುರಿಸುವುದು. ಅತ್ತಿಗೆಗೆ ಇದು ಚೆನ್ನಾಗಿ ಅರ್ಥವಾಯಿತು, ದೋಸೆ ಹಿಟ್ಟಿನ ಲೆಕ್ಕ. ಆದರೆ ವಿಷ ವಿಷವೇ ನೋಡಿ. ದನ, ನಾಯಿ, ಮಕ್ಕಳು ಅತ್ತ ಸುಳಿಯದ ಹಾಗೆ ನೋಡಿಕೊಂಡು, ಕೈಗೆ ಗವಸು ಹಾಕಿಕೊಂಡೇ ಮಾಡಿದರು.

ಅಣ್ಣನನ್ನು ಹೆಚ್ಚು ಸಮಾಧಾನಪಡಿಸಿದ್ದು ಮಾತ್ರ ಇದಾವುದೂ ಅಲ್ಲ, ಒಂದು ಲೆಕ್ಕ. ಆಫ್ರಿಕದಲ್ಲಿ ಈ ಹುಳು ಬಂದ ಹೊಸತರಲ್ಲಿ, 2017ರಲ್ಲಿ, ತಡೆಯದಿದ್ದರೆ 12 ದೇಶಗಳಲ್ಲಿ ವರ್ಷಕ್ಕೆ 83 ಲಕ್ಷದಿಂದ 2 ಕೋಟಿ 6 ಲಕ್ಷ ಟನ್ ಮೆಕ್ಕೆಜೋಳ ಹೋಗುತ್ತದೆ ಎಂದು ಅಂದಾಜು ಬಂತು. ಆ ಅಂದಾಜಿಗೆ ಮುಖ್ಯ ಆಧಾರ ರೈತರನ್ನು ಕೇಳಿದ್ದು. ತೂತು ಬಿದ್ದ ಎಲೆ ನೋಡಿದ ರೈತ ಅರ್ಧ ಹೋಯಿತು ಎನ್ನದೆ ಇನ್ನೇನು ಹೇಳುತ್ತಾನೆ? ಆಮೇಲೆ ಜಿಂಬಾಬ್ವೆಯ ಪೂರ್ವಭಾಗದಲ್ಲಿ ಹೊಲಕ್ಕಿಳಿದು, ಗಿಡ ಎಣಿಸಿ, ತೆನೆ ತೂಗಿ ನೋಡಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಳುವರಿ ನಷ್ಟ ನೂರಕ್ಕೆ ಸುಮಾರು 12 ಮಾತ್ರ. ಮೆಕ್ಕೆಜೋಳ ಗಟ್ಟಿ ಗಿಡ. ಬೆಳೆಯುವ ವಯಸ್ಸಿನಲ್ಲಿ ಎಲೆ ಹರಿದರೂ ಬೇರು ಸರಿಯಿದ್ದು ಮಳೆ ಬಿದ್ದರೆ ಹೊಸ ಎಲೆ ಬಿಟ್ಟು ಸುಧಾರಿಸಿಕೊಳ್ಳುತ್ತದೆ. ಸುಳಿಯ ಬುಡವೇ ಕತ್ತರಿಸಿ ಹೋದರೆ, ತೆನೆಯೊಳಗೆ ಹುಳು ಹೊಕ್ಕರೆ ಮಾತ ಬೇರೆ. ನೂರಕ್ಕೆ ಹನ್ನೆರಡು ಕಡಿಮೆಯೇನಲ್ಲ, ಬಡ ರೈತನಿಗೆ ಅದೇ ಲಾಭದ ಭಾಗ. ಆದರೆ ಅದಕ್ಕಾಗಿ ಆರು ಸಲ ಎಣ್ಣೆ ಹೊಡೆದರೆ ಆ ಲಾಭವೂ ಅಂಗಡಿಗೇ ಹೋಯಿತಲ್ಲ. ಅಣ್ಣ ಏಳನೆಯ ಕ್ಲಾಸು ಓದಿದವನಾದರೂ ಬಾಯಿಲೆಕ್ಕದಲ್ಲಿ ನನಗಿಂತ ಚುರುಕು. "ಅಂದ್ರೆ ನಾನು ಎರಡು ಸಲ ಹೊಡೆದಾಗಲೇ ಹುಳ ತಿನ್ನೋದನ್ನ ಅಂಗಡಿಯೋನು ತಿಂದಾಯ್ತು ಅನ್ನು" ಎಂದ. ಆ ವರ್ಷ ನಾಲ್ಕನೆಯ ಸಲ ಹೊಡೆಯಲಿಲ್ಲ. ಇಳುವರಿ ಹಿಂದಿನ ವರ್ಷಕ್ಕಿಂತ ಕಡಿಮೆಯಾಯಿತು, ಸಾಲ ತೀರಿತು, ಹಾಸ್ಟೆಲ್ ಫೀಸಿಗೆ ಮಾತ್ರ ಅತ್ತಿಗೆಯ ಬಳೆ ಬ್ಯಾಂಕಿಗೆ ಹೋಗಿ ಬಂತು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ದಾವಣಗೆರೆ ಸೀಮೆಯನ್ನು ಮೆಕ್ಕೆಜೋಳದ ಕಣಜ ಎನ್ನುತ್ತಾರಲ್ಲ, ಆ ಕಣಜವನ್ನು ಕಾಯುವುದಕ್ಕೆ ಇನ್ನೊಂದು ಕಣಜ ಇದೆ. ಹೆಸರು ಟೆಲಿನೋಮಸ್ ರೀಮಸ್, ಗಾತ್ರ ರಾಗಿ ಕಾಳಿಗಿಂತ ಚಿಕ್ಕದು, ಒಂದು ಮಿಲಿಮೀಟರೂ ಇಲ್ಲ. ಮನುಷ್ಯರಿಗೆ ಕುಟುಕುವುದಿಲ್ಲ. ಪತಂಗ ಇಟ್ಟ ಮೊಟ್ಟೆಯೊಳಗೆ ಇದು ತನ್ನ ಮೊಟ್ಟೆ ಇಡುತ್ತದೆ. ಹುಳು ಹೊರಬರಬೇಕಾದ ಕಡೆ ಕಣಜ ಹೊರಬರುತ್ತದೆ. ಫಾಲ್ ಸೈನಿಕ ಹುಳುವಿನ ತಾಯಿ ಮೊಟ್ಟೆಗಳನ್ನು ಪದರಪದರವಾಗಿ ಇಟ್ಟು, ಮೇಲೆ ತನ್ನ ಮೈಯ ನವಿರು ಹೊದಿಸುತ್ತದೆ. ಬೇರೆ ಕಣಜಗಳು ಆ ಕಂಬಳಿಯ ಮುಂದೆ ಸೋಲುತ್ತವೆ. ಇದು ತೂರಿಕೊಂಡು ಕೆಳಗಿನ ಪದರದವರೆಗೂ ಹೋಗುತ್ತದೆ.

ಇದರ ಜಾತಕವೂ ನಮ್ಮೆಲ್ಲರ ಜಾತಕದ ಹಾಗೇ ಊರೂರು ಸುತ್ತಿದ್ದು. ಮೂಲ ಮಲೇಷ್ಯಾ, ಪಪುವಾ ನ್ಯೂಗಿನಿ ಕಡೆ. 1960ರ ದಶಕದಲ್ಲಿ ತಂಬಾಕಿನ ಎಲೆ ತಿನ್ನುವ ಹುಳುವಿನ ಮೇಲೆ ಬಿಡಲೆಂದು ಭಾರತಕ್ಕೆ ತಂದರು. ಆ ಹುಳು ನಮ್ಮ ಸೈನಿಕನ ದಾಯಾದಿಯೇ. 1970ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಗೆ ಕೊಂಡೊಯ್ದರು. ಫ್ಲಾರಿಡಾದಲ್ಲೂ ಬಿಟ್ಟು ನೋಡಿದರು, ನೆಲೆ ನಿಲ್ಲಲಿಲ್ಲ. ವೆನೆಜುವೆಲಾದಲ್ಲಿ ಮಾತ್ರ ಜೋಳದ ಹೊಲಗಳಿಗೆ ಸಾಕಿ ಸಾಕಿ ಬಿಟ್ಟರು. 2018ರಲ್ಲಿ ಅಮೆರಿಕದ ಹುಳು ಕರ್ನಾಟಕಕ್ಕೆ ಬಂದಿಳಿದಾಗ ನೋಡಿದರೆ, ಅಲ್ಲಿನ ಹೊಲಗಳಲ್ಲಿ ಈ ಕಣಜ ಅದರ ಮೊಟ್ಟೆಗಳನ್ನು ಆಗಲೇ ಹುಡುಕಿಕೊಂಡಿತ್ತು! ಯಾರೂ ಹೇಳಿಕೊಟ್ಟಿರಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಇದನ್ನು ಸಾಕಿ ಹೊಲಕ್ಕೆ ಬಿಡುವ ಕ್ರಮ ರೂಪಿಸಿದ್ದಾರೆ. ಕಷ್ಟ ಒಂದೇ. ಎಣ್ಣೆ ಹೊಡೆದ ಹೊಲದಲ್ಲಿ ಹುಳುವಿಗಿಂತ ಮೊದಲು ಸಾಯುವುದು ಕಣಜ.

ಇಲ್ಲಿಯವರಿಗೂ ಈ ಹುಳುವಿನ ಪರಿಚಯವಾಗುವ ಯೋಗ ಬಂತು. 2021ರ ಬೇಸಿಗೆಯ ಕೊನೆಯಲ್ಲಿ ಓಹಾಯೊ ಮತ್ತು ಸುತ್ತಲಿನ ರಾಜ್ಯಗಳಲ್ಲಿ ಎಂದೂ ಕಾಣದಷ್ಟು ಪತಂಗ ದಕ್ಷಿಣದ ಬಿರುಗಾಳಿಯ ಜೊತೆ ಬಂದಿಳಿದವು. ಮೇವಿನ ಹೊಲ, ಗಾಲ್ಫ್ ಮೈದಾನ, ಮನೆಯ ಮುಂದಿನ ಹುಲ್ಲು, ಯಾವುದನ್ನೂ ಬಿಡಲಿಲ್ಲ. ಆ ವರ್ಷ ಗೌರಿ ಹಬ್ಬದ ದಿನ ಬೆಳಗ್ಗೆ ನಮ್ಮ ಸಂಘದ ಹಿರಿಯರೊಬ್ಬರು ಫೋನು ಮಾಡಿದರು. "ನಿನ್ನೆ ಹಸಿರಾಗಿತ್ತಮ್ಮಾ, ಇವತ್ತು ತೆಂಗಿನ ನಾರಿನ ಹಾಗಾಗಿದೆ. ಪಕ್ಕದ ಮನೆಯವರು ನಾನು ಏನೋ ವಿಷ ಹಾಕಿದೆ ಅಂತ ನೋಡ್ತಿದ್ದಾರೆ." ಹೋಗಿ ನೋಡಿದರೆ ಕಾಲಿಟ್ಟಲ್ಲೆಲ್ಲ ಹುಳು. ತಿಂಗಳು ತಾಳಿ, ಚಳಿ ಬಂದರೆ ಹೋಗುತ್ತದೆ, ಹುಲ್ಲು ಮತ್ತೆ ಚಿಗುರುತ್ತದೆ ಎಂದೆ. ಹಾಗೇ ಆಯಿತು. ಮನೆಗೆ ಬಂದು ಕಡುಬು ಬೇಯಿಸುತ್ತಾ ಯೋಚಿಸಿದೆ. ಒಂದೇ ಹುಳು, ಇಲ್ಲಿ ಅದು ಹುಲ್ಲುಹಾಸಿನ ಮಾನದ ಪ್ರಶ್ನೆ, ಅಲ್ಲಿ ಬಳೆ ಬ್ಯಾಂಕಿಗೆ ಹೋಗುತ್ತದೆ.

ಅಣ್ಣ ಆಮೇಲೆ ಒಂದು ಎಕರೆಗೆ ಅಡಿಕೆ ಹಾಕಿದ. ಅವನೊಬ್ಬನೇ ಅಲ್ಲ, ಆ ಸೀಮೆಯಲ್ಲಿ ಎಲ್ಲರೂ ಮೆಕ್ಕೆಜೋಳ ಕಿತ್ತು ಅಡಿಕೆ ಹಾಕುತ್ತಿದ್ದಾರೆ. ಹುಳುವಿನ ಕಾಟಕ್ಕಿಂತ ಅಡಿಕೆಯ ರೇಟು ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ. ಅಂತರಗಂಗೆಯ ಹಾಗೆ ಬತ್ತುತ್ತಿರುವ ಬೋರುಗಳನ್ನು ನೆನೆದರೆ ಭಯವೂ ಆಗುತ್ತದೆ. ಅದನ್ನು ಹೇಳಿದರೆ "ನೀನು ಹುಳದ ಡಾಕ್ಟರು, ನೀರಿನ ಡಾಕ್ಟರಲ್ಲ" ಎನ್ನುತ್ತಾನೆ. ಉಳಿದ ಎರಡೆಕರೆಯಲ್ಲಿ ಮೊದಲ ಮಳೆಗೇ ಮೆಕ್ಕೆಜೋಳ ಬಿತ್ತಿ, ಅಪ್ಪನ ಕಾಲದ ಅಕ್ಕಡಿ ಸಾಲಿನ ಹಾಗೆ ನಡುನಡುವೆ ತೊಗರಿ ಹಾಕುತ್ತಾನೆ. ಹುಳು ಇದ್ದೇ ಇದೆ. ವರ್ಷಕ್ಕೊಂದು ಸಲ, ಹೆಚ್ಚೆಂದರೆ ಎರಡು ಸಲ ಔಷಧಿ. ಅದೂ ಸಂಜೆ, ಅದೂ ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿ. ಕೊರೊನಾ ಕಾಲದಲ್ಲಿ ಆದ ಒಂದೇ ಉಪಕಾರ ಎಂದರೆ ಮಾಸ್ಕ್ ಹಾಕಿದವನನ್ನು ನೋಡಿ ಊರಿನಲ್ಲಿ ಯಾರೂ ನಗುವುದಿಲ್ಲ.

ಕಳೆದ ಮಳೆಗಾಲದಲ್ಲಿ, ನಾಲ್ಕೈದು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿದ ಮೇಲೆ ಒಂದು ಫೋಟೋ ಕಳಿಸಿದ. ಮೆಕ್ಕೆಜೋಳದ ಮೇಲಿನ ಎಲೆಗೆ ಕಚ್ಚಿಕೊಂಡು ಸೆಟೆದು ನಿಂತ ಹುಳು, ಸುಣ್ಣದಲ್ಲಿ ಅದ್ದಿದ ಹಾಗೆ ಬೆಳ್ಳಗೆ. "ಇದಕ್ಕೇನಾಗೈತೆ ಪುಟ್ಟಿ? ಹೊಲದ ತುಂಬ ಹಿಂಗೇ ನಿಂತಾವೆ."

ಬೂಸ್ಟು. ಮೆಟರೈಜಿಯಂ ರೈಲಿ ಎಂಬ ಶಿಲೀಂಧ್ರ. ಮಳೆ, ಮೋಡ, ತೇವ ಸೇರಿದರೆ ತಾನಾಗಿ ಎದ್ದು ಹುಳುಗಳಿಗೆ ಹಿಡಿಯುತ್ತದೆ. ಮೊದಲು ಬೆಳ್ಳಗೆ, ಎರಡು ಮೂರು ದಿನದಲ್ಲಿ ತಿಳಿಹಸಿರು ಪುಡಿ, ಆ ಪುಡಿ ಗಾಳಿಯಲ್ಲಿ ಹಾರಿ ಮುಂದಿನ ಹುಳುವಿಗೆ. ರೈಲಿ ಎಂಬುದು ಇದೇ ಅಮೆರಿಕದ ಹತ್ತೊಂಬತ್ತನೆಯ ಶತಮಾನದ ಕೀಟಶಾಸ್ತ್ರಜ್ಞ ಚಾರ್ಲ್ಸ್ ವ್ಯಾಲೆಂಟೈನ್ ರೈಲಿಯವರ ಹೆಸರು. ಕ್ಯಾಲಿಫೋರ್ನಿಯಾದ ಕಿತ್ತಲೆ ತೋಟಗಳನ್ನು ಉಳಿಸಲು 1888ರಲ್ಲಿ ಆಸ್ಟ್ರೇಲಿಯಾದಿಂದ ಗುಲಗಂಜಿ ಹುಳು ತರಿಸಿದವರು ಅವರು. ಶಿಲೀಂಧ್ರವಂತೂ ಹೊರಗಿನಿಂದ ಬರಬೇಕಾಗಿರಲಿಲ್ಲ, ಧಾರವಾಡದ ಕಡೆ ಸೋಯಾ, ಶೇಂಗಾ ಹುಳುಗಳಿಗೆ ಹಿಡಿಯುತ್ತಿದ್ದದ್ದು ಹೊಸ ಅತಿಥಿಗೂ ಹಿಡಿಯಿತು.

ಮುಟ್ಟಬೇಡ, ಔಷಧಿ ಹೊಡೆಯಬೇಡ, ಅವುಗಳನ್ನು ಹಾಗೇ ಗಿಡದ ಮೇಲೆ ಬಿಡು ಎಂದೆ. ಹೊಲದಲ್ಲಿದ್ದವನ್ನು ಬಿಟ್ಟಿದ್ದಾನೆ. ಐದಾರನ್ನು ಮಾತ್ರ ಎಲೆ ಸಮೇತ ಕಿತ್ತು ಒಂದು ಸ್ಟೀಲಿನ ಡಬ್ಬಿಯಲ್ಲಿ ಹಾಕಿಕೊಂಡು, ಅರಳಿಕಟ್ಟೆಯಲ್ಲಿ ಕೂತವರಿಗೆಲ್ಲ ಮುಚ್ಚಳ ತೆಗೆದು ತೋರಿಸುತ್ತಿದ್ದಾನಂತೆ. ಅದು ಅತ್ತಿಗೆಯ ಮೆಂತ್ಯದ ಡಬ್ಬಿ. ಇನ್ನು ಅದರಲ್ಲಿ ಏನೂ ಹಾಕುವ ಹಾಗಿಲ್ಲವೆಂದು ಅವಳು ಫೋನಿನಲ್ಲಿ ಬೈದದ್ದು ನನ್ನನ್ನು.